ಕಟ್ಟೆಯ ಮೇಲಿನ ಮಗ್ಗ

ಕಳಕಪ್ಪ ಸಾವುಕಾರರು ಮಗ್ಗವನ್ನು ಕಣ್ಣಿಂದ ನೋಡುತ್ತಿರಲಿಲ್ಲ, ಕಿವಿಯಿಂದ ನೋಡುತ್ತಿದ್ದರು. ಗಜೇಂದ್ರಗಡದ ಗುಡ್ಡದ ಬುಡದಲ್ಲಿ ಅವರ ನೇಯ್ಗೆಯ ಕಾರ್ಖಾನೆ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಮಗ್ಗಗಳ ಖಟಪಟ. ಅವರು ಮಾತ್ರ ಹೊಸ್ತಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ರುಮಾಲನ್ನು ಹುಬ್ಬಿನತನಕ ಇಳಿಸಿಕೊಂಡು, ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಎಂಥ ಪುಣ್ಯವಂತ ಮಾಲೀಕ, ಆಳುಗಳು ದುಡಿಯುವಾಗ ಗೊರಕೆ ಹೊಡೆಯುತ್ತಾನಲ್ಲ ಎಂದು ಮೊದಲ ವಾರ ನಾನೂ ಮನಸ್ಸಿನಲ್ಲೇ ನಕ್ಕಿದ್ದೆ.

ನಮ್ಮ ಸೀಮೆ ಇನ್ನೂ ಮುಂಬಯಿ ಪ್ರಾಂತದಲ್ಲಿದ್ದ ಕಾಲ ಅದು. ನಾನು ರೋಣದಿಂದ ಮದುವೆಯಾಗಿ ಬಂದ ಹೊಸತು. ನಮ್ಮ ಮನೆಯವರು ಅಲ್ಲಿ ನೇಯುತ್ತಿದ್ದರು, ನಾನು ರಾಟೆ ತಿರುಗಿಸಿ ಲಾಳಿಗೆ ನೂಲು ಸುತ್ತಿಕೊಡುತ್ತಿದ್ದೆ. ಒಂದು ದಿನ ತವರಿಗೆ ಕಳಿಸುವ ವಿಷಯಕ್ಕೆ ಇಬ್ಬರಿಗೂ ಜಗಳವಾಗಿ, ಮುಖ ಊದಿಸಿಕೊಂಡೇ ಕೆಲಸಕ್ಕೆ ಬಂದಿದ್ದೆವು. ತುಸು ಹೊತ್ತಾಗಿತ್ತೋ ಇಲ್ಲವೋ, ಕಣ್ಣು ಮುಚ್ಚಿದ ಸಾವುಕಾರರು ಬಾಯಿ ತೆರೆದರು.

“ಶಾಂತವ್ವಾ, ರಾಟಿ ಭಾಳ ಓಡಾಕ ಹತ್ತೇತಿ. ಹೋಗಿ ಕಟ್ಟಿ ಮ್ಯಾಲ ಕುಂಡ್ರವಾ.”

ನಾನು ಎದ್ದೆ. ಅಷ್ಟರಲ್ಲಿ ನಮ್ಮ ಮನೆಯವರಿಗೂ ಕರೆ ಬಂತು. “ನಿನ್ನ ಮಗ್ಗಾನೂ ಯಾರನ್ನೋ ಬಡದಂಗ ಕೇಳಸ್ತೈತಿ. ನೀನೂ ನಡಿಯಪ್ಪ.”

ಹೊರಗೆ ಬೇವಿನ ಮರದ ಕೆಳಗೆ ಎತ್ತರದ ಕಲ್ಲುಕಟ್ಟೆಯಿತ್ತು. ಹಾದಿಯಲ್ಲಿ ಹೋಗುವವರೆಲ್ಲ ನೋಡುವಂತೆ ಗಂಡ ಒಂದು ತುದಿ, ಹೆಂಡತಿ ಒಂದು ತುದಿ. ಸಾವುಕಾರರು ನಡುವೆ ಬಂದು ಕೂತು, ಶಲ್ಯದ ತುದಿಯಲ್ಲಿ ಕಟ್ಟಿದ್ದ ಹುರಿದ ಶೇಂಗಾ ಬಿಚ್ಚಿ, ಗದಗಿನ ಬಸ್ಸು ನರೇಗಲ್ಲಿನ ಹತ್ತಿರ ಕೆಟ್ಟು ನಿಂತ ಕಥೆ ಶುರುಮಾಡಿದರು. ಏನಾಯಿತು ಎಂದು ಕೇಳಲೇ ಇಲ್ಲ. ಕಟ್ಟೆಗೆ ಹೋದವರನ್ನು ಯಾರೂ ಏನೂ ಕೇಳಬಾರದು, ಅದು ಅವರ ಕಟ್ಟಪ್ಪಣೆ. ಬಸ್ಸನ್ನು ನೂಕುವಾಗ ಅವರ ಧೋತರ ಜಾರಿದ ಘಟ್ಟಕ್ಕೆ ಬರುವಷ್ಟರಲ್ಲಿ ನಮಗೆ ನಗು ತಡೆಯಲಾಗಲಿಲ್ಲ. ಮರುವಾರ ನಾನು ತವರಿಗೆ ಹೋಗಿ ಬಂದೆ.

ಪೇಟೆಯ ವ್ಯಾಪಾರಸ್ಥರು ಅವರನ್ನು ಆಡಿಕೊಳ್ಳುತ್ತಿದ್ದರು. ಆಳುಗಳನ್ನು ಕೂಡ್ರಿಸಿ ಶೇಂಗಾ ತಿನ್ನಿಸುವ ಸಾವುಕಾರ ಬೇರೆಲ್ಲಿ ಸಿಗಬೇಕು? ಅವರಿಗೆ ಸಾವುಕಾರರ ಉತ್ತರ ಒಂದೇ. “ಕಾಲು ಉಳುಕಿದಾವನ್ನ ಕುಂಡ್ರಸ್ತೀರಿ. ಮನಸು ಉಳುಕಿದಾವನ್ನ ಯಾಕ ಓಡಸ್ತೀರಿ?”

ಅಂಥವರೂ ಒಮ್ಮೆ ದೊಡ್ಡದಾಗಿ ಎಡವಿದರು. ಅದು ಗುರುಸಿದ್ದಪ್ಪನ ವಿಷಯದಲ್ಲಿ.

ಗುರುಸಿದ್ದಪ್ಪ ನಮ್ಮಲ್ಲಿ ಎಲ್ಲರಿಗಿಂತ ಚಲೋ ನೇಕಾರ. ಅವನು ನೇಯ್ದ ಸೀರೆಯ ಅಂಚನ್ನು ಬೆರಳಾಡಿಸಿ ನೋಡಲೆಂದೇ ಹೆಂಗಸರು ಬರುತ್ತಿದ್ದರು. ಅವನ ತಮ್ಮ ಬಾವಿ ತೋಡುವಾಗ ಮಣ್ಣು ಕುಸಿದು ಅದರೊಳಗೇ ತೀರಿಕೊಂಡ. ದಿನಕರ್ಮಗಳೆಲ್ಲ ಮುಗಿದು ಗುರುಸಿದ್ದಪ್ಪ ಕೆಲಸಕ್ಕೆ ಬಂದ. ನಮ್ಮವು ಕುಣಿಮಗ್ಗಗಳು. ನೆಲದಲ್ಲಿ ಕುಣಿ ತೋಡಿ, ನೇಕಾರ ಅದರೊಳಗೆ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ತುಳಿಯುತ್ತ ನೇಯಬೇಕು. ಅವನು ಕುಣಿಯ ಅಂಚಿಗೆ ಬಂದು ನಿಂತವನು ನಿಂತೇ ಇದ್ದ. ಮೈಯೆಲ್ಲ ಬೆವರು, ತುಟಿ ಒಣಗಿ ಬೆಳ್ಳಗಾಗಿತ್ತು.

“ಒಮ್ಮೆ ಇಳದ್ರ ಎಲ್ಲಾ ಸರಿ ಹೋಗ್ತೈತಿ” ಎಂದರು ಸಾವುಕಾರರು. ತಾವೊಂದು ರಟ್ಟೆ, ನಮ್ಮ ಮನೆಯವರು ಒಂದು ರಟ್ಟೆ ಹಿಡಿದು ಅವನನ್ನು ಇಳಿಸಿದರು. ಪ್ರೀತಿಯಿಂದಲೇ ಇಳಿಸಿದರು. ಆದರೆ ಕಾಲು ತಳ ಮುಟ್ಟಿದ್ದೇ ತಡ, ಗುರುಸಿದ್ದಪ್ಪ ಉಸಿರು ಸಿಕ್ಕಿಕೊಂಡವನಂತೆ ಚೀರಿ, ಹಾಸಿದ ನೂಲನ್ನೆಲ್ಲ ಹರಿದುಕೊಂಡು ಮೇಲೆ ಹತ್ತಿ ಓಡಿಬಿಟ್ಟ. ಊರಲ್ಲಿ ಸುದ್ದಿಯಾಯಿತು. ಗಾಳಿ ಸೋಕಿದೆ ಎಂದರು, ಹುಚ್ಚು ಎಂದರು. ಕುಣಿಗೆ ಇಳಿಯಲಾರದ ನೇಕಾರನಿಗೆ ಇನ್ನೇನು ಉಳಿಯಿತು? ನರಗುಂದಕ್ಕೆ ಹೋಗಿ ಹತ್ತಿ ತುಂಬಿದ ಅಂಡಿಗೆ ಹೊರುತ್ತೇನೆ ಅನ್ನುತ್ತಾನೆ ಎಂದು ಅವನ ಹೆಂಡತಿ ಬಸವ್ವ ನನ್ನ ಮುಂದೆ ಕಣ್ಣೀರು ಹಾಕಿದಳು. ಆ ಬೆರಳುಗಳು ಅಂಡಿಗೆಯ ಹಗ್ಗ ಹಿಡಿಯುವುದನ್ನು ನೆನೆದೇ ನನಗೆ ಸಂಕಟವಾಯಿತು.

ಸಾವುಕಾರರು ಅವನ ಮನೆಗೆ ಹೋದರು. ಸಾವುಕಾರ ಆಳಿನ ಮನೆಯ ಬಾಗಿಲಿಗೆ ಹೋಗುವುದು ಆಗ ರೂಢಿಯಲ್ಲೇ ಇರಲಿಲ್ಲ. ಬಾಗಿಲಲ್ಲೇ ನಿಂತು, “ತಪ್ಪು ನಂದಪಾ. ಕಾಲು ನಿನ್ನವು. ನಾ ಹಿಡದು ಇಳಸಬಾರದಾಗಿತ್ತು. ಮಗ್ಗದ ಕಡೆ ನೋಡಬ್ಯಾಡ, ಸುಮ್ಮ ಕಟ್ಟಿ ಮ್ಯಾಲ ಬಂದು ಕುಂಡ್ರು” ಎಂದರಂತೆ. ಬಸವ್ವ ಇದನ್ನು ಹೇಳುವಾಗ ನಾನು ಬಾಯಿ ಬಿಟ್ಟುಕೊಂಡು ಕೇಳಿದ್ದೆ.

ಅವನು ಬಂದ. ದಿನಾ ಬಂದು ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತ. ಸಾವುಕಾರರೂ ಪಕ್ಕಕ್ಕೆ ಕೂತರು. ಮಾತಿಲ್ಲ, ಕಥೆಯಿಲ್ಲ, ಶೇಂಗಾದ ಸಿಪ್ಪೆ ಮಾತ್ರ. ಒಂದು ಮಧ್ಯಾಹ್ನ ನಾನು ನೂಲು ಒಣಹಾಕಲು ಹೊರಗೆ ಬಂದಿದ್ದೆ. ಸಾವುಕಾರರು ಉಸಿರು ಬಿಗಿಹಿಡಿದು ನನಗೆ ಕೈಸನ್ನೆ ಮಾಡಿದರು. ಒಳಗಿನ ಮಗ್ಗಗಳ ತಾಳಕ್ಕೆ ಸರಿಯಾಗಿ ಗುರುಸಿದ್ದಪ್ಪನ ಪಾದಗಳು ಗಾಳಿಯಲ್ಲಿ ಒಂದಾದ ಮೇಲೊಂದು ತುಳಿಯುತ್ತಿದ್ದವು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

“ಶಾಂತವ್ವಾ, ಕಾಲು ನೇಯಾಕ ಹತ್ಯಾವ ನೋಡು. ಅವಕ್ಕ ಕುಣಿ ಬ್ಯಾಡ, ಮಗ್ಗ ಬೇಕಾಗೇತಿ” ಎಂದು ಸಾವುಕಾರರು ಆ ವಯಸ್ಸಿನಲ್ಲೂ ಕಟ್ಟೆಯಿಂದ ಜಿಗಿದೇ ಬಿಟ್ಟರು. “ಅವ ಕೆಳಗ ಇಳಿಯೂದಿಲ್ಲಂದ್ರ ಮಗ್ಗಾನ ಮ್ಯಾಲ ತರೂಣು. ಬಡಿಗ್ಯಾರ ಮೋನಪ್ಪನ್ನ ಲಗೂ ಕರಸ್ರಿ.”

ಅಬ್ಬಾ, ಆ ದಿನಗಳ ಗದ್ದಲ! ಬಡಿಗೇರ ಮೋನಪ್ಪ ಅಂಥ ಮಗ್ಗವನ್ನು ಜನ್ಮದಲ್ಲಿ ಕಂಡಿರಲಿಲ್ಲ. ಗುರುಸಿದ್ದಪ್ಪನ ಕುಣಿಯನ್ನು ಮಣ್ಣು ಹಾಕಿ ಮುಚ್ಚಿದೆವು, ಹೆಂಗಸರೆಲ್ಲ ಸೇರಿ ಬಡಿದು ಸಾರಿಸಿದೆವು. ಅದರ ಮೇಲೆ ಕಲ್ಲಿನ ಕಟ್ಟೆ ಎದ್ದಿತು, ಕಟ್ಟೆಯ ಮುಂದೆ ನಾಲ್ಕು ಕಾಲಿನ ಮೇಲೆ ಮಗ್ಗ ನಿಂತಿತು. ಮೊದಲ ದಿನ ನಮ್ಮ ಮನೆಯವರು ಕಟ್ಟೆ ಹತ್ತಿ ಕೂತು ಹಲಗೆ ತುಳಿದರು ನೋಡಿ, ಮಗ್ಗ ಹಗ್ಗ ಹರಿದ ಕರುವಿನ ಹಾಗೆ ಕುಣಿಯುತ್ತ ಬಾಗಿಲ ಕಡೆಗೇ ಹೊರಟಿತು. ನೋಡಲು ಬಂದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾವುಕಾರರು ಎಲ್ಲರಿಗಿಂತ ಜೋರಾಗಿ ನಕ್ಕು, ಗುಡ್ಡದಿಂದ ಬಂಡೆ ತರಿಸಿ ಮಗ್ಗದ ಕಾಲುಗಳಿಗೆ ಬಿಗಿಸಿದರು. ಆಮೇಲೆ ಗುರುಸಿದ್ದಪ್ಪನಿಗೆ ಬಾ ಎನ್ನಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

ಎಷ್ಟೋ ಹೊತ್ತು ಬಾಗಿಲಲ್ಲಿ ನಿಂತಿದ್ದ ಗುರುಸಿದ್ದಪ್ಪ ತಾನಾಗಿ ಬಂದ. ಕಟ್ಟೆಯ ಮೇಲೆ ಕೂತ. ಲಾಳಿ ಒಮ್ಮೆ ಓಡಿತು, ನಿಂತಿತು, ಮತ್ತೆ ಓಡಿತು. ಯಾರೂ ಹೇಳದೆ ನಾವೆಲ್ಲ ಕೈ ನಿಲ್ಲಿಸಿದ್ದೆವು. ಇಡೀ ಕಾರ್ಖಾನೆಯಲ್ಲಿ ಅದೊಂದೇ ಮಗ್ಗದ ಸದ್ದು. ಸಾವುಕಾರರ ಮುಚ್ಚಿದ ಕಣ್ಣಿಂದ ನೀರಿಳಿಯಿತು. “ಬಂತು ನೋಡ್ರಿ, ಅವನ ಸಪ್ಪಳ ಬಂತು” ಎಂದರು.

ಅವನು ಮತ್ತೆ ಮೊದಲಿನ ಹಾಗೆ ನೇಯ್ದ. ಆದರೆ ನಮ್ಮ ಕುಣಿಗಳ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ, ಗೋಡೆ ಹಿಡಿದು ಸುತ್ತಿ ಹೋಗುತ್ತಿದ್ದ.

ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಸಾವುಕಾರರು ಕಾರ್ಖಾನೆಯ ಪಕ್ಕದ ತಮ್ಮ ಮನೆಯಲ್ಲಿ ಹಾಸಿಗೆ ಹಿಡಿದರು. ನಾನು ಕೊನೆಯ ಸಲ ಗಂಜಿ ತೆಗೆದುಕೊಂಡು ಹೋದಾಗ, “ಬಾಗಲಾ ತಗಿಯವಾ, ಮಗ್ಗ ಕೇಳೂದಿಲ್ಲ” ಎಂದರು. ತೆಗೆದೆ. ತುಸು ಹೊತ್ತು ಆಲಿಸಿ, “ಎಲ್ಲಾರೂ ಚಲೋ ಅದಾರ” ಎಂದು ಮಗ್ಗುಲಾದರು.

ನಮ್ಮಲ್ಲಿ ತೀರಿಕೊಂಡವರನ್ನು ಕೂಡ್ರಿಸಿ ಹುಗಿಯುತ್ತಾರೆ. ಯಾರಾದರೂ ಮೊದಲು ಕುಣಿಗೆ ಇಳಿದು, ಮೇಲಿನಿಂದ ಕೊಡುವ ದೇಹವನ್ನು ತೋಳಲ್ಲಿ ತೆಗೆದುಕೊಂಡು ಸರಿಯಾಗಿ ಕೂಡ್ರಿಸಬೇಕು. ಸಾವುಕಾರರಿಗೆ ಮಕ್ಕಳಿರಲಿಲ್ಲ, ಯಾರು ಇಳಿಯಬೇಕೆಂದು ಹಿರಿಯರು ಮಾತಾಡುತ್ತಿದ್ದರು.

“ಸರೀರಿ, ನಾ ಇಳೀತೀನಿ” ಎಂದ ಗುರುಸಿದ್ದಪ್ಪ.

ಬಸವ್ವ ನನ್ನ ಕೈಯನ್ನು ನೋಯುವಷ್ಟು ಒತ್ತಿ ಹಿಡಿದಳು. ಯಾರೂ ಅವನ ರಟ್ಟೆ ಹಿಡಿಯಲಿಲ್ಲ. ಅವನು ನಡುಗುತ್ತಲೇ ಇಳಿದ, ಸಾವುಕಾರರನ್ನು ಸಾವಕಾಶ ತೆಗೆದುಕೊಂಡ, ಬೆನ್ನು ಕುಣಿಯ ಗೋಡೆಗೆ ಆನಿಸಿ ಕೂಡ್ರಿಸಿದ, ರುಮಾಲು ಸರಿಮಾಡಿದ. ಮೇಲೆ ಹತ್ತಿದವನು ದೂರ ಸರಿಯಲಿಲ್ಲ. ಅಂಚಿನ ಮೇಲೆ, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು ಕೂತುಬಿಟ್ಟ. ಮಣ್ಣು ಹಾಕುವ ಹೊತ್ತಾಯಿತು, ಏಳು ಎಂದು ನಮ್ಮ ಮನೆಯವರು ಕೈ ಚಾಚಿದರು.

“ಸ್ವಲ್ಪ ತಡೀರಿ” ಎಂದ ಅವನು. “ನನ್ನ ಕೂಡ ಅವ್ರು ಎಷ್ಟ ಹೊತ್ತು ಕುಂತಿದ್ರು.”