ಸಿಮೆಂಟಿಗೆ ಬೆಲ್ಲ

ನಮ್ಮಪ್ಪ ಗಚ್ಚಿನ ಗೌಂಡಿ. ಸುಣ್ಣ, ಉಸುಕು ಗಾಣದಲ್ಲಿ ಅರೆದು, ಬೆಲ್ಲದ ನೀರು ಬೆರೆಸಿ ಅವನು ಕಟ್ಟಿದ ಗೋಡೆಗೆ ಮೊಳೆ ಹೊಡೆದರೆ ಮೊಳೆಯೇ ಬಾಗುತ್ತಿತ್ತು. ರೋಣ, ನರಗುಂದದವರೆಗೆ ಅವನ ಹೆಸರಿತ್ತು. ಹೆಸರಿಗಿಂತ ಸೊಕ್ಕು ಒಂದು ಗೇಣು ಹೆಚ್ಚು. ಅದಕ್ಕೆ ಬೆಲೆ ತೆತ್ತವಳು ನಮ್ಮವ್ವ.

ಐವತ್ತರ ದಶಕದಲ್ಲಿ ಗಜೇಂದ್ರಗಡದ ಸೀರೆ ವ್ಯಾಪಾರಿಯೊಬ್ಬರು ಹೊಸ ಮನೆಯ ಚಾವಣಿಗೆ ಮಣ್ಣಿನ ಮಾಳಿಗೆ ಬೇಡ, ಸಿಮೆಂಟಿನದೇ ಬೇಕೆಂದು ಹಟ ಹಿಡಿದರು. ಗದಗಿನಿಂದ ಚೀಲಗಳು ಬಂದವು. ತಂದ ಲಾರಿಯವನು, "ನೀರು, ಉಸುಕು, ಖಡಿ ಬಿಟ್ಟು ಮತ್ತೇನೂ ಹಾಕಬ್ಯಾಡ್ರಿ" ಎಂದು ಹೇಳಿಯೇ ಹೋದ.

"ಗಾಡಿ ಹೊಡ್ಯಾಂವ ನನಗ ಕಸಬು ಕಲಿಸ್ತಾನ!" ಎಂದು ಅಪ್ಪ ನಕ್ಕ. ಸುಣ್ಣಕ್ಕೆ ಹಾಕಿದಂತೆಯೇ ಸಿಮೆಂಟಿಗೂ ಬೆಲ್ಲದ ನೀರು ಹಾಕಿಸಿದ. ಕೊಡ ಹೊತ್ತು ತಂದು ಸುರಿದವಳು ಅವ್ವ.

ಕೆಳಗೆ ಆಧಾರಕ್ಕೆ ಕಂಬ ಕೊಟ್ಟು ಮಾಳಿಗೆ ಹಾಕಿದ ಮೇಲೆ ಬುಟ್ಟಿಯಲ್ಲಿ ಕಲಸಿದ ಸಿಮೆಂಟಿನ ಒಂದಿಷ್ಟು ಮುದ್ದೆ ಉಳಿದಿತ್ತು. ಅವ್ವ ಅದನ್ನು ದಿನಾ ಮುಟ್ಟಿ ನೋಡುತ್ತಿದ್ದಳು. ಉಗುರು ಊರಿದರೆ ಇಳಿಯುತ್ತಿತ್ತು. ಬೆಲ್ಲ ತೀರಿದ ಮೇಲೆ ಮೆಟ್ಟಿಲಿಗೆಂದು ಕಲಸಿದ್ದು ಮಾತ್ರ ಆಗಲೇ ಕಲ್ಲಾಗಿತ್ತು.

"ಬೆಲ್ಲ ಬಿದ್ದದ್ದು ಇನ್ನೂ ಮೆತ್ತಗ ಐತ್ರಿ. ಕಂಬ ತಗೀಬ್ಯಾಡ್ರಿ," ಎಂದಳು, ಆಳುಗಳ ಎದುರಿಗೇ. ಅಪ್ಪನಿಗೆ ಬುದ್ಧಿ ಹೇಳುವುದೇ ತಪ್ಪು. ನಾಲ್ಕು ಜನರ ಮುಂದೆ ಹೇಳಿದ್ದು ದೊಡ್ಡ ತಪ್ಪು.

ನಮ್ಮ ಗೌಂಡಿಗಳಲ್ಲಿ ಹೊಸ ಕಮಾನಿನ ಆಧಾರ ಬಿಚ್ಚುವಾಗ ಕಟ್ಟಿದವನೇ ಕೆಳಗೆ ಕೂಡಬೇಕು. ತನ್ನ ಕೆಲಸದ ಮೇಲೆ ತನಗೆ ಭರವಸೆ ಇದೆ ಎಂದು ತೋರಿಸುವ ಪದ್ಧತಿ ಅದು. ಕಂಬ ತೆಗೆಯುವುದನ್ನು ನೋಡಲು ಹುಣ್ಣಿಮೆಯ ದಿನ ಜನ ಸೇರಿದರು. ಅಪ್ಪ ಮಾಳಿಗೆಯ ಕೆಳಗೆ ಮಣೆ ಹಾಕಿ ಅವ್ವನ ಕಡೆ ತಿರುಗಿದ.

"ಅನುಮಾನ ಇರೋದು ನಿನಗ. ನೀನ ಕೂಡು."

"ನಾ ಒಲ್ಲೆರಿ. ಮಗಳ ಲಗ್ನ ಐತಿ."

"ನನ್ನ ಅರ್ಧಾಂಗಿ ಹೌದಿಲ್ಲೊ? ನೀ ಕುಂತರ ನಾ ಕುಂತಂಗ!"

ಜನ ನಕ್ಕರು. ವ್ಯಾಪಾರಿಯೂ ನಕ್ಕರು. ಲಗ್ನ ಗೊತ್ತಾಗಿದ್ದ ಮಗಳು ನಾನೇ. ಬೇಡ ಬೇಡ ಎಂದು ಚೀರಿದೆ. ಸೋದರತ್ತೆ ನನ್ನ ಬಾಯಿ ಮುಚ್ಚಿ ಅಂಗಳಕ್ಕೆ ಎಳೆದೊಯ್ದಳು. ಅವ್ವ ಸೆರಗು ಹೊದ್ದು ಕುಳಿತಳು.

ನಡುಗಂಬ ಸರಿಸುತ್ತಲೇ ಮಾಳಿಗೆ ಕುಸಿಯಿತು. ಸಿಮೆಂಟಿನ ಮುದ್ದೆಯೊಳಗಿಂದ ಅವ್ವನನ್ನು ಎಳೆದು ತೆಗೆದಾಗ ಜೀವವಿತ್ತು, ಕಾಲಿಗೆ ಸ್ಪರ್ಶಜ್ಞಾನವಿರಲಿಲ್ಲ. ರೋಣದ ದವಾಖಾನೆಯಲ್ಲಿ, ಇನ್ನು ನಡೆಯುವುದಿಲ್ಲ ಎಂದರು.

ಅವಳನ್ನು ಚಕ್ಕಡಿಗೆ ಹಾಕುವಾಗಲೇ ಅಪ್ಪ ಶುರು ಮಾಡಿದ್ದ: "ನಾ ಒಂದ ಚರಗಿ ಬೆಲ್ಲದ ನೀರು ಸಾಕಂದ್ರ ಇಕಿ ಕೊಡ ಸುರುವ್ಯಾಳ. ಬೆಲ್ಲ ಹೆಚ್ಚಾತು." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಮ್ಮಪ್ಪನಿಗೆ ನೆಲದ ಬದಲು ಹೆಂಡತಿ ಸಿಕ್ಕಳು. ಊರು ನಂಬಿತು. ಶಿರೋಳದಿಂದ ಬಂದ ನಮ್ಮಜ್ಜಿಯೇ ಮಗಳ ಹಾಸಿಗೆಯ ಪಕ್ಕ ಕುಳಿತು, "ನಿನ್ನ ಕೈ ಮೊದಲಿಂದ ದೊಡ್ಡದವ್ವಾ" ಎಂದಳು. ಆ ಮಾತಿಗೆ ಅಜ್ಜಿಯನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ಮುಂದಿನ ವರ್ಷ ಮುಶಿಗೇರಿಯಲ್ಲಿ ಅಪ್ಪನಿಗೆ ಮತ್ತೊಂದು ಸಿಮೆಂಟ್ ಮಾಳಿಗೆ ಸಿಕ್ಕಿತು. ಅದು ಗಟ್ಟಿಯಾಗಿ ನಿಂತಿತು. ಶಾಲು ಹೊದಿಸಿದರು. ಹೊದ್ದುಕೊಂಡೇ ಮನೆಗೆ ಬಂದು ಉಣ್ಣಲು ಕುಳಿತ.

ಚಾಪೆಯ ಮೇಲಿಂದ ಅವ್ವ ಕೇಳಿದಳು: "ಬೆಲ್ಲ ಎಷ್ಟು ಹಾಕಿದ್ರಿ?"

"ಹಾಕಲಿಲ್ಲ."

"ಕಂಬ ತಗಿಯುವಾಗ ಕೆಳಗ ಯಾರು ಕುಂತಿದ್ರು?"

ಅಪ್ಪ ರೊಟ್ಟಿ ಮುರಿದ. "ನಾನ ಕುಂತಿದ್ದೆ," ಎಂದು ತಾಟನ್ನು ನನ್ನ ಕಡೆ ಸರಿಸಿ ಇನ್ನಷ್ಟು ಪಲ್ಯ ಕೇಳಿದ.