ಅಟ್ಟ ಹಿಡಿಸುವಷ್ಟು ವ್ಯಾಪಾರ

ಗುಬ್ಬಿಯಲ್ಲಿ ನನ್ನ ಅಕ್ಕನ ಗಂಡ ಉಂಡೆ ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು. ಐವತ್ತರ ದಶಕದ ಕೊನೆಯಲ್ಲಿ ಅವರ ಕಾಗದಪತ್ರ ನೋಡಿಕೊಳ್ಳುತ್ತಿದ್ದವನು ನಾನು.

ತೆಂಗಿನಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಇರಬೇಕು. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾದ ಮೇಲೆಯೇ ಒಡೆಯಬೇಕು. ಭಾವ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ಉಂಡೆ ಲೊಟಲೊಟ ಅಂದರೆ ಸರಿ. ನೀರಿನ ಸದ್ದು ಬಂದರೆ ಮತ್ತೆ ಅಟ್ಟಕ್ಕೆ.

ನಮ್ಮ ಸರಕೆಲ್ಲ ಕೊಳ್ಳುತ್ತಿದ್ದವರು ತುಮಕೂರಿನ ಒಬ್ಬ ಮಂಡಿ ಸಾಹುಕಾರರು. ವರ್ಷಕ್ಕೆ ಒಂದು ಲಾರಿ. ಒಮ್ಮೆ ಅವರು, ಈ ಸಲ ಎರಡು ಲಾರಿ ಆದೀತೇ ಎಂದು ಬರೆದರು. ಭಾವ ಕಾಯಿ ಕೊಳ್ಳಲು ಕುಣಿಗಲ್ಲಿಗೆ ಹೋಗಿದ್ದರು. ವ್ಯಾಪಾರ ಬೆಳೆಸುವ ಸಮಯ ಬಂತೆಂದುಕೊಂಡು ಆಗುತ್ತದೆ ಎಂದು ನಾನೇ ಅವತ್ತೇ ಬರೆದು ಟಪಾಲಿಗೆ ಹಾಕಿದೆ.

ನಾಲ್ಕು ದಿನದ ಮೇಲೆ ವಾಪಸು ಬಂದ ಭಾವ ವಿಷಯ ಕೇಳಿ ಏಣಿ ಹತ್ತಿ, ಒಂದೊಂದೇ ಕಾಯಿಯನ್ನು ನನ್ನ ಕೈಗೆ ಕೊಟ್ಟರು. ಅಲ್ಲಾಡಿಸಿದೆ. ಅರ್ಧಕ್ಕರ್ಧ ಕಾಯಿಗಳಲ್ಲಿ ಇನ್ನೂ ನೀರು.

“ಎರಡ್ನೇ ಲಾರಿಗೆ ಏನ್ಲಾ ತುಂಬ್ತೀಯ? ನಿನ್ ಕಾಗ್ದಾನಾ?”

ಅಡುಗೆಮನೆಯಿಂದ ಅಕ್ಕ ಅಂದಳು: “ಅದ್ರ ಶಾಯಿನೂ ಇನ್ನೂ ಒಣಗಿಲ್ಲ ಬುಡಿ.”

ನನಗೆ ನಗು ಬರಲಿಲ್ಲ. ಹಸಿ ಕಾಯಿ ಒಡೆದು ಕಳಿಸಿದರೆ ಕೊಬ್ಬರಿಗೆ ದಾರಿಯಲ್ಲೇ ಬೂಷ್ಟು ಹಿಡಿಯುತ್ತದೆ. ಕಳಿಸದಿದ್ದರೆ ಮಾತು ತಪ್ಪುತ್ತದೆ. ಹೇಗಿದ್ದರೂ ಇದ್ದೊಬ್ಬ ಗಿರಾಕಿ ಕೈಬಿಟ್ಟರೆ ಭಾವ ಅಂಗಡಿ ಮುಚ್ಚಬೇಕಿತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ತುಮಕೂರಿನ ಬಸ್ಸು ಹತ್ತಿದೆವು. ಭಾವ ಒಂದು ಹಸಿ ಕಾಯಿಯನ್ನು ಸಾಹುಕಾರರ ಮುಂದಿಟ್ಟರು.

“ಇದಿನ್ನೂ ಆಗಿಲ್ಲ ಸ್ವಾಮಿ. ಒಂದೇ ಲಾರಿ ಕೊಡೋಕಾಗೋದು. ತಪ್ಪು ನಮ್ದು.”

“ಬರೆದವ್ನು ನಾನು,” ಎಂದೆ.

ಸಾಹುಕಾರರು ಕಾಯಿ ಅಲ್ಲಾಡಿಸಿ, ನೀರಿನ ಸದ್ದು ಕೇಳಿ ನಕ್ಕರು. “ಆಗ್ತದಾ ಅಂತ ಕೇಳಿದ್ದೆ ಕಣಯ್ಯಾ. ಮರುಟಪಾಲ್ನಲ್ಲೇ ಹೂಂ ಅಂದ್ಬುಟ್ರಲ್ಲ! ಇವ್ರೂ ಹಸಿ ಕಾಯಿ ಒಡೆಯೋಕೆ ಶುರು ಮಾಡಿದ್ರು ಅಂತ ಬೇರೆ ಜಾಗ ವಿಚಾರಿಸ್ತಿದ್ದೆ. ಒಂದೇ ಕಳ್ಸಿ, ಸಾಕು.”

ಬಸ್‌ಸ್ಟ್ಯಾಂಡಿನಲ್ಲಿ ಭಾವ ಕಾಫಿ ಕೊಡಿಸಿದರು. ಹಿಂದಿನ ದಿನದಿಂದ ಏನೂ ತಿಂದಿರಲಿಲ್ಲವೆಂಬುದು ನನಗೆ ಆಗ ನೆನಪಾಯಿತು. ಎರಡು ಪ್ಲೇಟ್ ಇಡ್ಲಿ ತಿಂದೆ.

ಆ ವರ್ಷ ಎರಡನೆಯ ಅಟ್ಟ ಹಾಕಿಸಿದೆವು. ಅಲ್ಲಿಯ ಕಾಯಿ ಒಣಗಿದ ಮೇಲೆ, ಮರುವರ್ಷ, ಎರಡು ಲಾರಿ ಹೋದವು. ಅರವತ್ತರ ದಶಕ ಮುಗಿಯುವಾಗ ಅಟ್ಟಗಳು ಐದಾಗಿದ್ದವು. ಸಾಹುಕಾರರಿಗೆ ಉತ್ತರ ಬರೆಯುವ ಕೆಲಸ ಕೊನೆಯವರೆಗೂ ನನ್ನದೇ ಆಗಿತ್ತು. ಬರೆಯುವ ಮೊದಲು ಏಣಿ ಹತ್ತಿ ಬರುತ್ತಿದ್ದೆ.