ತಾತ ಮುದ್ದೆ ಅಗಿದ ಚಳಿಗಾಲ

ಆಗೆಲ್ಲ ನಮ್ಮ ಕಡೆ ಕಾಫಿ ಕೊಯ್ಲು ಶುರುವಾಯಿತೆಂದರೆ ಮಕ್ಕಳ ಮೇಲೆ ಯಾರಿಗೂ ನಿಗಾ ಇರುತ್ತಿರಲಿಲ್ಲ. ಬೆಳಗೋಡಿನ ಹತ್ತಿರದ ನಮ್ಮೂರಿನಲ್ಲಿ ಬೆಳಿಗ್ಗೆಯೇ ಅಪ್ಪ, ಅವ್ವ ಇಬ್ಬರೂ ಎಸ್ಟೇಟಿಗೆ ಹಣ್ಣು ಕೊಯ್ಯಲು ಹೋಗಿಬಿಡುತ್ತಿದ್ದರು. ಶಾಲೆಯ ಹೊತ್ತು ಬಿಟ್ಟರೆ ನನ್ನ ಜೊತೆಗಿರುತ್ತಿದ್ದವನು ಅಪ್ಪನ ಅಪ್ಪ, ನನ್ನ ತಾತ. ಕಣದಲ್ಲಿ ಒಣಗುವ ಕಾಫಿಯ ಹುಳಿ ವಾಸನೆ, ಸಂಜೆ ಒಲೆಯ ಮೇಲೆ ಹಿದಕಿದ ಅವರೆಬೇಳೆ ಸಾರು. ಆ ಸೊಗಡು ನಿಮ್ಮಲ್ಲಿ ಅನೇಕರಿಗೂ ನೆನಪಿರಬಹುದು. ನನಗೆ ಅದು ಮೂಗಿಗೆ ಬಡಿದರೆ ಇವತ್ತಿಗೂ ಮೊದಲು ನಾಚಿಕೆಯಾಗುತ್ತದೆ, ಹಸಿವು ಆಮೇಲೆ.

ನಾನು ಏಳನೇ ತರಗತಿಯಲ್ಲಿದ್ದೆ. ಜೀರ್ಣಾಂಗಗಳ ಪಾಠದ ದಿನ ನಮ್ಮ ಮೇಷ್ಟ್ರು ಬಾವಿ ಹಗ್ಗವನ್ನು ಇಪ್ಪತ್ತು ಅಡಿ ಅಳೆದು, ಬಾಗಿಲಾಚೆಯ ಜಗುಲಿಯವರೆಗೂ ಎಳೆಸಿ, ಇಷ್ಟುದ್ದದ ಸಣ್ಣಕರುಳು ದೊಡ್ಡವರ ಹೊಟ್ಟೆಯಲ್ಲಿ ಸುತ್ತಿಕೊಂಡಿರುತ್ತದೆ ಎಂದರು. ಒಂದು ತುತ್ತು ಅನ್ನವನ್ನು ನುಂಗದೆ ಅಗಿಯುತ್ತಲೇ ಇರಲು ಹೇಳಿದರು. ಅಗಿದಷ್ಟೂ ಅದು ಸಿಹಿಯಾಯಿತು. ಜೊಲ್ಲು ಅನ್ನದ ಪಿಷ್ಟವನ್ನು ಸಕ್ಕರೆ ಮಾಡುತ್ತದೆ, ಜೀರ್ಣವಾಗುವುದು ಬಾಯಿಯಲ್ಲೇ ಶುರು. ಆಮೇಲೆ ಜಠರ, ಅಲ್ಲಿ ಆಮ್ಲ. ಸಣ್ಣಕರುಳಿನಿಂದ ಸಾರವೆಲ್ಲ ರಕ್ತಕ್ಕೆ, ದೊಡ್ಡಕರುಳು ನೀರು ಹೀರಿಕೊಂಡು ಉಳಿದದ್ದು ಹೊರಗೆ. ಕಿರುಪರೀಕ್ಷೆಯಲ್ಲಿ ನನಗೆ ಹತ್ತಕ್ಕೆ ಹತ್ತು ಬಂತು. ಅಲ್ಪವಿದ್ಯಾ ಮಹಾಗರ್ವಿ ಎನ್ನುತ್ತಾರಲ್ಲ, ಆ ಗರ್ವಿಯನ್ನು ನೀವು ಆಗ ನಮ್ಮ ಮನೆಯಲ್ಲಿ ನೋಡಬೇಕಿತ್ತು.

ರಾತ್ರಿ ಊಟಕ್ಕೆ ಕೂತರೆ ನನ್ನ ಪಾಠ ಶುರು. ಮುದ್ದೆ ಉಣ್ಣುವವರಿಗೆ ಹೇಳಬೇಕಾಗಿಲ್ಲ, ಅದನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುವುದು. ಹಲ್ಲಿಗೆ ತಾಗಿಸಿದರೆ ನಮ್ಮ ಮನೆಯಲ್ಲಿ ನಗುತ್ತಿದ್ದರು. ತಾತ ನುಂಗುವುದರಲ್ಲಿ ಎಲ್ಲರಿಗಿಂತ ಮುಂದು. ನಾನೋ, ಅಗಿಯದಿದ್ದರೆ ಅರ್ಧ ಜೀರ್ಣವೇ ಆಗುವುದಿಲ್ಲ ಎಂದು ಅವನ ತಟ್ಟೆಯ ಎದುರೇ ಕೂತು ಗದರಿಸುತ್ತಿದ್ದೆ. ಆ ತಿಂಗಳು ಅವನಿಗೆ ಎದೆಯ ಕೆಳಗೆ ಉರಿ ಬೇರೆ ಇತ್ತು. ಬಾಳ್ಳುಪೇಟೆಗೆ ಹೋದಾಗಲೆಲ್ಲ ಔಷಧಿ ಅಂಗಡಿಯಿಂದ ಮಂಡಿನೋವಿನ ಮಾತ್ರೆ ತಂದುಕೊಂಡು, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಕಾಫಿಯ ಜೊತೆ ನುಂಗುತ್ತಿದ್ದ. ಅದು ನನ್ನ ಕಣ್ಣೆದುರೇ ನಡೆಯುತ್ತಿತ್ತು. ಆದರೆ ಮಾತ್ರೆಯ ವಿಷಯ ಪಾಠದಲ್ಲಿ ಇರಲಿಲ್ಲವಲ್ಲ, ನಾನು ಉರಿಗೂ ಮುದ್ದೆಯನ್ನೇ ದೂರಿದೆ.

ಒಂದು ಭಾನುವಾರ ಬೆಳಿಗ್ಗೆ, ಮನೆಯಲ್ಲಿ ಬೇರೆ ಯಾರೂ ಇಲ್ಲದಾಗ, ತಾತ ನನ್ನನ್ನು ಹಿತ್ತಲಿಗೆ ಕರೆದ. ಹೇಳಲು ತುಂಬ ಹೊತ್ತು ಹಿಡಿಯಿತು. ಎರಡು ದಿನದಿಂದ ಬಯಲಿಗೆ ಹೋದಾಗ ಕಪ್ಪಗೆ, ಟಾರಿನ ಹಾಗೆ ಅಂಟಂಟಾಗಿ ಆಗುತ್ತಿದೆಯಂತೆ. ಸೊಸೆಯ ಹತ್ತಿರ ಇಂಥದ್ದನ್ನು ಹೇಳುವುದು ಹೇಗೆ ಎಂದು ನೆಲ ನೋಡಿದ.

"ನಿನ್ ಬುಕ್ಕಲ್ಲಿ ಹೊಟ್ಟೆದೆಲ್ಲ ಬರ್ದೈತಲ್ಲ ಮಗ. ಇದೇನಾರ ಐತಾ ನೋಡು."

ಒಳಗೆ ಓಡಿಹೋಗಿ ಪುಸ್ತಕ ತೆಗೆದೆ. ಚಿತ್ರದಲ್ಲಿ ಜಠರ ಗುಲಾಬಿ, ಕರುಳು ಹಳದಿ. ಕಪ್ಪಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಗೊತ್ತಿಲ್ಲ ತಾತ, ಅವ್ವನಿಗೆ ಹೇಳೋಣ ಎಂದಿದ್ದರೆ ಮುಗಿಯುತ್ತಿತ್ತು. ಹತ್ತಕ್ಕೆ ಹತ್ತು ತೆಗೆದ ಬಾಯಿಗೆ ಆ ಮಾತು ಬರಲಿಲ್ಲ. ಪುಸ್ತಕದ ಪುಟದ ಮೇಲೆ ಬೆರಳಿಟ್ಟು, ಅಲ್ಲಿ ಬರೆದಿರುವುದನ್ನೇ ಓದುವವಳಂತೆ ಹೇಳಿದೆ.

"ರಾಗಿ ಕಪ್ಪಲ್ವಾ ತಾತ, ಅಗೀದೆ ನುಂಗಿದ್ದು ಹಂಗಂಗೇ ಬರ್ತೈತೆ. ಅಗಿದು ತಿನ್ನು, ಸರಿ ಹೋಗ್ತೈತೆ."

ಅವನ ಮುಖ ಹಗುರಾಯಿತು. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅವತ್ತು ರಾತ್ರಿಯಿಂದ ತಾತ ಮುದ್ದೆ ಅಗಿಯತೊಡಗಿದ. ಬಾಯಲ್ಲಿದ್ದದ್ದೇ ಆರೇಳು ಹಲ್ಲು. ಹಿಟ್ಟು ವಸಡಿಗೆಲ್ಲ ಮೆತ್ತಿಕೊಳ್ಳುತ್ತಿತ್ತು, ಅವನು ಬೆರಳು ಹಾಕಿ ಬಿಡಿಸಿಕೊಂಡು ಮತ್ತೆ ಅಗಿಯುತ್ತಿದ್ದ. ಎಲ್ಲರೂ ನಗುತ್ತಿದ್ದೆವು. ನಾನು ಮೂವತ್ತೆರಡರವರೆಗೆ ಎಣಿಸುತ್ತಿದ್ದೆ, ಅಷ್ಟಾಗುವವರೆಗೆ ಅವನು ನುಂಗುತ್ತಿರಲಿಲ್ಲ. ಎಂಟು ದಿನ ಹೀಗೆ ನಡೆಯಿತು.

ಒಂಬತ್ತನೆಯ ದಿನ ಬೆಳಿಗ್ಗೆ ಹಿತ್ತಲಲ್ಲಿ ಬಿದ್ದಿದ್ದ. ಮುಖ ಸುಣ್ಣದಂತಾಗಿತ್ತು, ಪಕ್ಕದಲ್ಲಿ ಕಾಫಿ ಚರಟದಂಥ ಕಪ್ಪು ವಾಂತಿ. ಎಸ್ಟೇಟಿನ ಜೀಪಿನಲ್ಲಿ ಹಾಸನಕ್ಕೆ ಕರೆದೊಯ್ದರು, ಹಟ ಮಾಡಿ ನಾನೂ ಹತ್ತಿದೆ. ಮಾತ್ರೆ ನುಂಗಿ ನುಂಗಿ ಜಠರದಲ್ಲಿ ಹುಣ್ಣಾಗಿದೆ, ಅಲ್ಲಿ ಸೋರಿದ ರಕ್ತವೂ ಊಟದ ಹಾಗೇ ಜೀರ್ಣವಾಗುತ್ತ ಕರುಳಿಳಿದು ಕಪ್ಪಾಗಿ ಬರುತ್ತದೆ ಎಂದು ಡಾಕ್ಟರು ಅಪ್ಪನಿಗೆ ವಿವರಿಸಿದರು. ಒಂದು ವಾರ ಮೊದಲೇ ಬಂದಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು. ಮಾರನೆಯ ದಿನ ತಾತನಿಗೆ ಕೊಂಚ ಚೇತರಿಕೆಯಾದಾಗ, ಕಪ್ಪಗಾಗುತ್ತಿದ್ದದ್ದನ್ನು ಯಾರಿಗಾದರೂ ಹೇಳಿದ್ದಿರಾ ಎಂದು ಅವನನ್ನೇ ಕೇಳಿದರು.

ನಾನು ಮಂಚದ ಕಾಲ ಬಳಿ ನಿಂತಿದ್ದೆ. ತಾತ ನನ್ನ ಕಡೆ ತಿರುಗಲೇ ಇಲ್ಲ.

"ಯಾರ್ಗೂ ಹೇಳ್ಲಿಲ್ಲ ಸ್ವಾಮಿ. ನಾಚ್ಕೆ ಆಯ್ತು."

ಅವ್ವ ಅಳುತ್ತಲೇ ಅವನನ್ನು ಬೈದಳು. ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ, ಮಾವ ಎಂಬುದನ್ನೂ ಮರೆತು ಬೈದಳು. ತಾತ ಕಣ್ಣು ಮುಚ್ಚಿ ಕೇಳಿಸಿಕೊಂಡ.

ರಕ್ತ ಕೊಟ್ಟರು, ತಾತ ಬದುಕಿಕೊಂಡ. ಆದರೆ ಮೊದಲಿನ ತ್ರಾಣ ಬರಲಿಲ್ಲ. ಗದ್ದೆ ಕಡೆ ಹೋಗುವುದು ನಿಂತಿತು, ಉಳಿದ ಎರಡು ವರ್ಷವೂ ಗಂಜಿಯಲ್ಲೇ ಕಳೆಯಿತು. ನನ್ನ ಮೇಲೆ ಮುನಿಯಲಿಲ್ಲ, ಮೊದಲಿನಂತೆಯೇ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ಇವತ್ತೇನು ಪಾಠ ಮಾಡಿದರು ಎಂದು ಮಾತ್ರ ಮತ್ತೆಂದೂ ಕೇಳಲಿಲ್ಲ. ತಪ್ಪಾಯ್ತು ತಾತ ಎನ್ನಲು ನನಗೆ ಎರಡು ವರ್ಷ ಸಮಯವಿತ್ತು. ಹೇಳದೆಯೇ ಅವನನ್ನು ಕಳುಹಿಸಿಕೊಟ್ಟೆ.

ಈಗ ರಜೆಗೆ ನನ್ನ ಮಕ್ಕಳಿಬ್ಬರನ್ನೂ ಕರೆದುಕೊಂಡು ಊರಿಗೆ ಹೋಗುತ್ತೇನೆ. ಅವರು ನನ್ನ ತಾತನನ್ನು ಕಂಡವರಲ್ಲ. ಅವರಿಗೆ ಜ್ವರವೋ ಹೊಟ್ಟೆನೋವೋ ಬಂದು ಸುಮ್ಮನಿದ್ದರೆ ಅವ್ವ ಅವನ ಕಥೆ ತೆಗೆಯುತ್ತಾಳೆ. ನಿಮ್ಮ ಮುತ್ತಾತ ಮಹಾ ಹಟಮಾರಿ, ಒಳಗೆ ರಕ್ತ ಸೋರುತ್ತಿದ್ದರೂ ಮನೆಯಲ್ಲಿ ಒಬ್ಬರಿಗೂ ಹೇಳಲಿಲ್ಲ, ಹಾಗೆ ಮಾಡಬಾರದು ಎನ್ನುತ್ತಾಳೆ. ಬಾಯಿ ತುಂಬ ಹಿಟ್ಟು ಮೆತ್ತಿಕೊಂಡು ಮೊಮ್ಮಗಳ ಮಾತು ನಡೆಸಿದ ಮನುಷ್ಯ ಅವನು. ಮಕ್ಕಳ ಪಾಲಿಗೆ ಈಗ ಹಟಮಾರಿಯಾಗಿ ಮಾತ್ರ ಉಳಿದಿದ್ದಾನೆ. ಕಥೆ ಮುಗಿದ ಮೇಲೆ ಅವರು ಹೌದಾ ಎಂಬಂತೆ ನನ್ನ ಮುಖ ನೋಡುತ್ತಾರೆ. ನಾನು ಹೂಂ ಎನ್ನುತ್ತೇನೆ.